ಹನ್ನಮ್ಮನವರ ಸತ್ಯವೇದಕ್ಕೆ ರಟ್ಟು ಕಟ್ಟಿದ್ದು

ಗದಗಿನಿಂದ ಎರಡು ಹರದಾರಿ ದೂರದಲ್ಲಿ ಸಮಾಧಾನಪುರವೆಂಬ ಪುಟ್ಟ ಊರು. ಮಿಶನ್ನಿನವರು ಮಗ್ಗ ಹಾಕಿಸಿ ಕಟ್ಟಿದ ಊರಾದ್ದರಿಂದ ಅಲ್ಲಿ ಬೆಳಗಾದರೆ ಮೊದಲು ಕೇಳುವುದು ದೇವಾಲಯದ ಗಂಟೆ, ಅದರ ಬೆನ್ನಿಗೇ ಮಗ್ಗಗಳ ಲಟಪಟ. ದೇವಾಲಯದ ಹಿತ್ತಲಿನಲ್ಲಿ, ಹಿಂದೊಮ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದ ಒಂದು ಖೋಲಿಯಲ್ಲಿ ಪೂಜ್ಯ ಹನ್ನಮ್ಮನವರು ವಾಸವಾಗಿದ್ದರು. ಗೋಡೆಗಳ ಮೇಲೆ ಹಳೆಯ ನೀಲಿ ಕಲೆ, ಕೆಂಪು ಕಲೆ ಹಾಗೆಯೇ ಉಳಿದಿದ್ದವು. ಸುಣ್ಣ ಬಳಿಸುತ್ತೇವೆಂದು ಸಭೆಯವರು ಹೇಳಿದಾಗಲೆಲ್ಲ ಅವರು ನಕ್ಕು, ಇರಲಿ ಬಿಡ್ರಿ, ಚೆಂದ ಅದಾವ ಅನ್ನುತ್ತಿದ್ದರು. ಒಂದು ಚಾಪೆ, ಒಂದು ಕೊಡ, ನೂಲು ಸುತ್ತುವ ರಾಟಿ, ಗೂಡಿನಲ್ಲಿ ಸತ್ಯವೇದ. ಅವರ ಸಂಸಾರವೆಲ್ಲ ಇಷ್ಟೇ.

ಐವತ್ತು ವರ್ಷ ಅವರು ಆ ಊರಿನ ಸೂಲಗಿತ್ತಿಯಾಗಿದ್ದವರು. ಹಡೆಯುವವಳ ಪಕ್ಕದಲ್ಲಿ ಕುಳಿತು ಸಣ್ಣ ದನಿಯಲ್ಲಿ ಕೀರ್ತನೆ ಓದುತ್ತಿದ್ದರಂತೆ; ಕೂಸು ಬಂದ ಮೇಲೂ ಆ ದನಿ ಕಿವಿಯಲ್ಲಿ ಉಳಿಯುತ್ತಿತ್ತೆಂದು ಹಡೆದ ಹೆಣ್ಣುಮಕ್ಕಳು ಹೇಳುತ್ತಿದ್ದರು. ಎಪ್ಪತ್ತೆಂಟರ ವಯಸ್ಸಿನಲ್ಲಿ ಕಣ್ಣು ಮಂದವಾಗಿ ಆ ಕೆಲಸ ಬಿಟ್ಟರು. ಪ್ರಾರ್ಥನೆಯನ್ನು ಮಾತ್ರ ಬಿಡಲಿಲ್ಲ. ಬೆಳಗಿನ ಗಂಟೆಗೆ ಎದ್ದು, ಬಾಗಿಲು ತೆರೆದಿಟ್ಟು, ತೊಡೆಯ ಮೇಲೆ ಸತ್ಯವೇದವಿಟ್ಟುಕೊಂಡು ಕುಳಿತರೆ ಬಿಸಿಲು ಹೊಸ್ತಿಲು ದಾಟುವವರೆಗೆ ಅವರನ್ನು ಯಾರೂ ಮಾತನಾಡಿಸುತ್ತಿರಲಿಲ್ಲ.

ಅದೇ ಊರಿನ ಪೇಟೆಯ ತುದಿಯಲ್ಲಿ ಸೀಮೋನಪ್ಪ ಹೊಂಬಳ ಎಂಬವನ ಪುಸ್ತಕ ಕಟ್ಟುವ ಅಂಗಡಿ. ಕೈ ಚೊಕ್ಕ, ಮಾತು ಖಾರ. ಅವನಿಗೊಂದು ವಿಚಿತ್ರವಾದ ಕುತೂಹಲವಿತ್ತು. ರಟ್ಟು ಕಟ್ಟಲು ಬಂದ ಪುಸ್ತಕದ ಬರಹವನ್ನು ಅವನು ಓದುತ್ತಿರಲಿಲ್ಲ. ಅದರ ಕೊಳೆಯನ್ನು ಓದುತ್ತಿದ್ದನು. ಯಾವ ಹಾಳೆಯ ಮೂಲೆ ಸವೆದಿದೆ, ಎಲ್ಲಿ ಎಣ್ಣೆಯ ಬೆರಳು, ಎಲ್ಲಿ ಚಹದ ಉಂಗುರ, ಎಲ್ಲಿ ಕಣ್ಣೀರು ಬಿದ್ದು ಕಾಗದ ಉಬ್ಬಿದೆ, ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಿ ಪುಸ್ತಕದ ಒಡೆಯನ ಜಾತಕ ಹೇಳಿಬಿಡುತ್ತಿದ್ದನು. ಶಾಲೆಯ ಹೆಡ್ ಮಾಸ್ತರರ ಗಣಿತ ಪುಸ್ತಕದಲ್ಲಿ ಲೆಕ್ಕಗಳ ಹಾಳೆ ಹೊಚ್ಚ ಹೊಸದು, ಕೊನೆಯಲ್ಲಿ ಉತ್ತರ ಅಚ್ಚು ಮಾಡಿದ ಹಾಳೆಗಳೇ ಕಪ್ಪಾಗಿದ್ದವು. ಸಭಾಪಾಲಕರ ಆರಾಧನಾ ಪುಸ್ತಕದಲ್ಲಿ ಮದುವೆಯ ಕ್ರಮ ಇರುವ ಹಾಳೆಗೆ ಮಾತ್ರ ಪಲಾವಿನ ಜಿಡ್ಡು. ಇಂಥವನ್ನು ಕಂಡು ಸೀಮೋನಪ್ಪ ಒಳಗೊಳಗೇ ನಗುತ್ತಿದ್ದನು. ಆದರೆ ಅವನಿಗೊಂದು ಕಟ್ಟುಪಾಡು ಇತ್ತು. ಪುಸ್ತಕದೊಳಗೆ ಸಿಕ್ಕಿದ ಪತ್ರ, ಚೀಟಿಗಳನ್ನು ಅವನು ಬಿಚ್ಚಿ ನೋಡುತ್ತಿರಲಿಲ್ಲ. ಕೊಳೆ ಎಲ್ಲರ ಕಣ್ಣಿಗೂ ಬೀಳುವಂಥದ್ದು, ಬರೆದದ್ದು ಬರೆದವರದು ಎನ್ನುವುದು ಅವನ ನ್ಯಾಯ.

ಸೀಮೋನಪ್ಪ ದೇವಾಲಯದ ಮೆಟ್ಟಿಲು ಹತ್ತದೆ ಒಂಬತ್ತು ವರ್ಷಗಳಾಗಿದ್ದವು. ಅದರ ಕಾರಣ ಊರಿಗೆ ಗೊತ್ತಿತ್ತು, ಆದರೆ ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ.

ಮದುವೆಯಾಗಿ ಏಳು ವರ್ಷಕ್ಕೆ ಅವನ ಹೆಂಡತಿ ರಾಹೇಲವ್ವ ಒಂದು ಹೆಣ್ಣುಕೂಸನ್ನು ಹಡೆದಳು. ಅದು ಒಂದು ಮಂಗಳವಾರದ ನಸುಕು. ಹನ್ನಮ್ಮನವರೇ ಹೆರಿಗೆ ಮಾಡಿಸಿದ್ದರು. ಕೂಸು ಚೆನ್ನಾಗಿಯೇ ಅತ್ತಿತು, ಅಪ್ಪನ ಕಿರುಬೆರಳನ್ನು ಹಿಡಿದುಕೊಂಡಿತು. ಹೊತ್ತೇರಿದ ಮೇಲೆ ಇದ್ದಕ್ಕಿದ್ದಂತೆ ಅದರ ಮೈ ನೀಲಿಯಾಯಿತು. ಸಭಾಪಾಲಕರು ಬೇರೆ ಊರಿನ ಆರಾಧನೆಗೆ ಹೋಗಿದ್ದರು. ತಲೆಗೆ ನೀರು ಹಾಕಿ ಹೆಸರಿಡುವ ದೀಕ್ಷಾಸ್ನಾನವನ್ನಾದರೂ ಕೊಡೋಣವೆಂದು ಹನ್ನಮ್ಮನವರು ನೀರಿನ ತಂಬಿಗೆಗೆ ಕೈಚಾಚುವಷ್ಟರಲ್ಲಿ ಉಸಿರು ನಿಂತುಹೋಗಿತ್ತು. ಹೀಗೆ ಆ ಕೂಸಿಗೆ ದೀಕ್ಷಾಸ್ನಾನವೂ ಆಗಲಿಲ್ಲ, ಹೆಸರೂ ಆಗಲಿಲ್ಲ.

ಆ ಸಭೆಯಲ್ಲಿ ಸತ್ತವರಿಗೆ ಗಂಟೆ ಬಾರಿಸುವ ಪದ್ಧತಿ ಇತ್ತು. ಹಿರಿಯರೊಬ್ಬರು ಬಂದು, ದಾಖಲೆಯಲ್ಲಿ ಹೆಸರಿಲ್ಲದ ಕೂಸಿಗೆ ಗಂಟೆ ಬಾರಿಸುವ ವಾಡಿಕೆ ಇಲ್ಲವೆಂದರು. ಕೂಸನ್ನು ಸಮಾಧಿ ಭೂಮಿಯ ಗೋಡೆಯ ಬುಡದಲ್ಲಿ, ಉಳಿದವರ ಸಾಲಿನಿಂದ ದೂರವಾಗಿ ಮಣ್ಣುಮಾಡಿದರು. ಸೀಮೋನಪ್ಪ ಅದನ್ನೂ ನುಂಗಿಕೊಂಡನು. ಆದರೆ ಕ್ರಿಸ್ಮಸ್ಸಿಗೆ ತಿಂಗಳಿರುವಾಗ ಬರುವ ಸ್ಮರಣೆಯ ಭಾನುವಾರದಂದು ಆ ವರ್ಷ ತೀರಿಕೊಂಡವರ ಹೆಸರುಗಳನ್ನು ವೇದಿಕೆಯಿಂದ ಓದುತ್ತಾರೆ. ಹನ್ನೊಂದು ಹೆಸರು ಓದಿದರು. ಹನ್ನೆರಡನೆಯದು ಬರಬಹುದೆಂದು ರಾಹೇಲವ್ವ ಸೆರಗಿನ ತುದಿಯನ್ನು ಹಿಂಡುತ್ತ ಮುಂದಕ್ಕೆ ಬಾಗಿ ಕುಳಿತಿದ್ದಳು. ಸಭಾಪಾಲಕರು ಪುಸ್ತಕ ಮುಚ್ಚಿದರು. ಹೆಂಡತಿಯ ಮುಖವನ್ನು ನೋಡಿದ ಸೀಮೋನಪ್ಪ ಅವತ್ತೇ ಎದ್ದು ಹೊರಗೆ ಬಂದನು, ಮತ್ತೆ ಒಳಗೆ ಹೋಗಲಿಲ್ಲ.

ಆ ವಾರ ಹನ್ನಮ್ಮನವರು ಅವನ ಮನೆಗೆ ಬಂದು, ಬಾಗಿಲಲ್ಲೇ ನಿಂತು, "ನಾ ಕೂಸನ್ನ ದಿನಾ ನೆನಸ್ತೀನಿ ತಮ್ಮಾ" ಎಂದಿದ್ದರು.

ಸೀಮೋನಪ್ಪ ಉರಿದುಬಿದ್ದಿದ್ದನು. "ಎಲ್ಲಾರೂ ಹಂಗ ಅಂತಾರ್ರಿ ಅವ್ವಾರ. ಪ್ರಾರ್ಥನಾ ಮಾಡ್ತೀವಿ, ಪ್ರಾರ್ಥನಾ ಮಾಡ್ತೀವಿ! ಈ ಓಣಿ ತಿರುವು ದಾಟಿದ ಮ್ಯಾಲೆ ಯಾರು ಯಾರನ್ನ ನೆನಸ್ತಾರ? ಕಂಡವರು ಯಾರದಾರ? ನನಗ ಒಂದ ಹೇಳ್ರಿ, ನನ್ನ ಕೂಸು ದೇವರ ಹಂತ್ಯಾಕ ಐತೋ ಇಲ್ಲೋ?"

ಹನ್ನಮ್ಮನವರು ಅವನ ಮುಖವನ್ನೇ ನೋಡಿ, ಏನೂ ಅನ್ನದೆ ಹೊರಟುಹೋಗಿದ್ದರು. ಉತ್ತರ ಇಲ್ಲದ್ದಕ್ಕೇ ಹೋದರೆಂದು ಸೀಮೋನಪ್ಪ ತಿಳಿದನು. ಕೂಸು ದೇವರ ಬಳಿ ಇದೆಯೋ ಇಲ್ಲವೋ ಎಂಬ ಆ ಪ್ರಶ್ನೆ ಮಾತ್ರ ಅವನ ಎದೆಯಿಂದ ಒಂದು ದಿನವೂ ಇಳಿಯಲಿಲ್ಲ. ರಾಹೇಲವ್ವನೂ ಅದನ್ನು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಒಂದೇ ಒಲೆಯ ಎದುರು ಕುಳಿತು ಇಬ್ಬರೂ ಬೇರೆ ಬೇರೆ ಉಣ್ಣುವವರ ಹಾಗೆ ಬಾಳಿದರು.

ಹೀಗಿರುವಾಗ ಒಂದು ಬೆಳಿಗ್ಗೆ ಹನ್ನಮ್ಮನವರು ಕೋಲೂರಿಕೊಂಡು ಅವನ ಅಂಗಡಿಗೇ ಬಂದರು. ಕಂಕುಳಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಸತ್ಯವೇದ. ಬೆನ್ನು ಮುರಿದು ಮೂರು ಹೋಳಾಗಿತ್ತು.

"ಇದಕ್ಕೊಂದು ರಟ್ಟು ಕಟ್ಟಿ ಕೊಡು, ಸೀಮೋನ."

"ಹೊಸಾದು ತರಿಸಿ ಕೊಡ್ತೀವಿ ಅಂದಿದ್ರಂತಲ್ರಿ ಸಭಾದವರು? ದೊಡ್ಡ ಅಕ್ಷರದ್ದು."

"ಹೊಸಾದ್ರಾಗ ನನಗ ದಾರಿ ಸಿಗೂದಿಲ್ಲೋ" ಎಂದು ಅವರು ನಕ್ಕರು. ಆಮೇಲೆ ಪುಸ್ತಕವನ್ನು ಅವನ ಕೈಯಲ್ಲಿಟ್ಟು, ಕೈ ತೆಗೆಯದೆ ಹೇಳಿದರು. "ಎರಡು ಮಾತು ನೆನಪಿಟ್ಕೋ. ಅಂಚು ಕತ್ತರಿಸಬ್ಯಾಡ. ಚೀಟಿ ಬಿಚ್ಚಬ್ಯಾಡ."

ಅಂಚು ಕತ್ತರಿಸದೆ ರಟ್ಟು ಕಟ್ಟುವುದೆಂದರೆ ಸೀಮೋನಪ್ಪನಿಗೆ ಎಣ್ಣೆ ಹಚ್ಚಿ ನೀರು ಹಾಕದೆ ಎದ್ದ ಹಾಗೆ. ಹೊಲಿಗೆ ಮುಗಿದ ಮೇಲೆ ಪುಸ್ತಕವನ್ನು ಎರಡು ಹಲಗೆಗಳ ನಡುವೆ ಬಿಗಿದು, ಹರಿತವಾದ ಉದ್ದ ಕತ್ತಿಯನ್ನು ಎಳೆದೆಳೆದು ಮೂರು ಕಡೆಯ ಅಂಚನ್ನು ಸಮ ಮಾಡಿದರೇ ಅವನಿಗೆ ಸಮಾಧಾನ. ಆದರೂ ಮುದುಕಿಯ ಮಾತಿಗೆ ಆಗಲಿ ಅಂದನು.

ಅವರು ಹೋದ ಮೇಲೆ ಸೀಮೋನಪ್ಪ ಪುಸ್ತಕವನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದನು. ಕೀರ್ತನೆಗಳ ಹಾಳೆಗಳು ಸವೆದಿರಬೇಕೆಂದು ಅವನ ಎಣಿಕೆ. ಸವೆದಿದ್ದವು, ಸುಳ್ಳಲ್ಲ. ಸುವಾರ್ತೆಗಳೂ ಮೆತ್ತಗಾಗಿದ್ದವು. ಆದರೆ ಎಲ್ಲಕ್ಕಿಂತ ಹೆಚ್ಚು ಕಪ್ಪಾಗಿದ್ದದ್ದು ಬೇರೆಯೇ ಜಾಗ. ಹಳೆಯ ಒಡಂಬಡಿಕೆಯ ನಡುವೆ, ಪೂರ್ವಕಾಲ ವೃತ್ತಾಂತದ ಮೊದಲಲ್ಲಿ ಬರೀ ಹೆಸರುಗಳೇ ತುಂಬಿದ ಒಂಬತ್ತು ಅಧ್ಯಾಯಗಳಿವೆಯಲ್ಲ, ಇಂಥವನು ಇಂಥವನನ್ನು ಪಡೆದನು, ಅವನು ಇವನನ್ನು ಪಡೆದನು ಎಂದು. ಅಲ್ಲಿಗೆ ಬಂದೊಡನೆ ದೊಡ್ಡ ದೊಡ್ಡ ಭಕ್ತರೂ ಹಾಳೆಗಳನ್ನು ಒಟ್ಟಿಗೆ ಮಗುಚುತ್ತಾರೆ. ಸೀಮೋನಪ್ಪನ ಕೈಯಲ್ಲಿ ನೂರಾರು ಸತ್ಯವೇದಗಳು ದಾಟಿಹೋಗಿದ್ದವು. ಎಲ್ಲದರಲ್ಲೂ ಆ ಜಾಗ ಅಚ್ಚುಕೂಟದಿಂದ ಬಂದಷ್ಟೇ ಬೆಳ್ಳಗಿರುತ್ತಿತ್ತು. ಇಲ್ಲಿ ನೋಡಿದರೆ ಬೆರಳು ತಾಗಿ ತಾಗಿ ಹಾಳೆಗಳು ಹಳೆಯ ಬಟ್ಟೆಯಂತಾಗಿದ್ದವು. ಸಾಲದ್ದಕ್ಕೆ ಒಂದೊಂದು ಹಾಳೆಯ ತುದಿಗೂ ಮಗ್ಗದ ಗಂಜಿಯಿಂದ ಅಂಟಿಸಿದ ಸಣ್ಣ ಸಣ್ಣ ಚೀಟಿಗಳು. ಔಷಧ ಬಾಟಲಿಯ ಲೇಬಲ್ಲು, ನೂಲಿನ ಕಟ್ಟಿನ ಮೇಲಿನ ಕಾಗದ, ಏನು ಸಿಕ್ಕಿತೋ ಅದರ ತುಂಡುಗಳು. ಎರಡಾಗಿ ಮಡಚಿಕೊಂಡು ಅಂಚಿನ ಆಚೆಗೆ ನಾಲಗೆ ಚಾಚಿದ್ದವು.

ಹೊಲಿಗೆ ಹಾಕುತ್ತ ಹಾಕುತ್ತ ಅವನಿಗೆ ಇದೇ ಧ್ಯಾನವಾಯಿತು. ಊಟಕ್ಕೆ ಕುಳಿತಾಗ ಹೆಂಡತಿಯನ್ನು ಕೇಳಿದನು. "ಅಲ್ಲ, ಆ ಹೆಸರಿನ ಅಧ್ಯಾಯದಾಗ ಓದಾಕ ಏನೈತಿ? ಮುದುಕಿ ಅಲ್ಲೇ ಯಾಕ ಕುಂತಿರ್ತಾರ?"

"ನಿದ್ದಿ ಬಂದಿರಬೇಕು" ಎಂದು ತಾನೇ ಉತ್ತರವನ್ನೂ ಹೇಳಿಕೊಂಡನು.

ರಾಹೇಲವ್ವ ರೊಟ್ಟಿ ಮುರಿಯುತ್ತ, "ಅವರು ಹಂಗ ಮಲಗವರಲ್ಲ" ಎಂದಳು, ಅಷ್ಟೇ.

ಮೂರನೆಯ ದಿನ ಮಧ್ಯಾಹ್ನ ಹೊಲಿಗೆ ಮುಗಿಯಿತು. ಆ ಚೀಟಿಗಳಲ್ಲಿ ಏನಿರಬಹುದು? ಹಾಡಿನ ಸಾಲೇ? ಹಳೆಯ ಔಷಧದ ಪಟ್ಟಿಯೇ? ಬಿಚ್ಚಿದರೆ ಒಂದು ಕ್ಷಣದ ಕೆಲಸ. ಆದರೆ ಕಟ್ಟುಪಾಡು ಕಟ್ಟುಪಾಡೇ. ಬಿಚ್ಚಲಾರೆ, ಬಿಚ್ಚದೆ ಇರಲಾರೆ ಎಂದು ಮನಸ್ಸು ಗಿರಗಿರ ತಿರುಗುತ್ತಿರುವಾಗ ಅವನ ಕೈಗಳು ಮೂವತ್ತು ವರ್ಷ ಮಾಡಿದ್ದನ್ನೇ ಮಾಡಿದವು. ಪುಸ್ತಕವನ್ನು ಹಲಗೆಗಳ ನಡುವೆ ಇಟ್ಟವು, ತಿರುಪು ಬಿಗಿದವು, ಕತ್ತಿಯನ್ನು ಎತ್ತಿಕೊಂಡು ಸರ್ ಸರ್ ಎಂದು ಎಳೆದವು. ಕಾಗದದ ಸಿಂಬೆಗಳು ತೊಡೆಯ ಮೇಲೆ ಉದುರಿದವು. ಎಷ್ಟು ಸಲ ಎಳೆದನೋ ದೇವರೇ ಬಲ್ಲ. ಬಿಳಿಯ ಸಿಂಬೆಗಳ ನಡುವೆ ಒಂದು ಕಪ್ಪು ಚೂರು ಬಿದ್ದಾಗಲೇ ಅವನಿಗೆ ಎಚ್ಚರವಾದದ್ದು.

"ಅಯ್ಯೋ ಕರ್ತನೇ!" ಎಂದನು. ಒಂಬತ್ತು ವರ್ಷಗಳ ಮೇಲೆ ಅವನ ಬಾಯಿಂದ ಬಂದ ಮೊದಲ ಪ್ರಾರ್ಥನೆ ಅದೇ ಇರಬೇಕು.

ಇಪ್ಪತ್ತೋ ಇಪ್ಪತ್ತೈದೋ ಚೀಟಿಗಳು ಹಾಳೆಯಿಂದ ಕಡಿದು ಬಿದ್ದಿದ್ದವು. ಕೆಲವು ಮಡಚಿಕೊಂಡೇ ಇದ್ದವು, ಕೆಲವು ಬಿದ್ದ ರಭಸಕ್ಕೆ ತೆರೆದುಕೊಂಡಿದ್ದವು. ಸೀಮೋನಪ್ಪ ಬೆವರುತ್ತ ಅವನ್ನು ಹೆಕ್ಕತೊಡಗಿದನು. ಓದಬಾರದೆಂದು ಕಣ್ಣು ತಿರುಗಿಸಿದರೂ ಒಂದರ ಮೇಲೆ ಅವನ ಹೆಸರೇ ಇತ್ತು. ತನ್ನ ಹೆಸರನ್ನು ಯಾರ ಕಣ್ಣು ತಾನೇ ಬಿಟ್ಟೀತು?

ಸೀಸದ ಕಡ್ಡಿಯಲ್ಲಿ ಬರೆದ ಗುಂಡು ಗುಂಡಾದ ಅಕ್ಷರ. "ಸೀಮೋನಪ್ಪ, ರಾಹೇಲ ಇವರ ಮಗಳು." ಅದರ ಮುಂದೆ ಒಂದು ಗೆರೆ. ಗೆರೆಯ ಮೇಲೆ ಏನೂ ಇಲ್ಲ, ಖಾಲಿ. ಕೆಳಗೆ, "ಮಂಗಳವಾರ ನಸುಕಿನಲ್ಲಿ ಹುಟ್ಟಿದಳು."

ಆಮೇಲೆ ಅವನೊಳಗಿನ ಕಸುಬುದಾರ ಎದ್ದನು. ಚೀಟಿಯನ್ನು ಕಿಟಕಿಗೆ ಒಯ್ದು ಬೆಳಕಿಗೆ ಹಿಡಿದನು. ಒಂದು ದಿನ ತಾಗಿದ ಬೆರಳಿನ ಕಲೆ ಯಾವುದು, ವರ್ಷವಿಡೀ ತಾಗಿದ್ದು ಯಾವುದು, ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ಕಾಗದ ಬರೆದಿಟ್ಟು ಮರೆತದ್ದಲ್ಲ. ದಿನ ತಪ್ಪದೆ ಮಡಿಕೆ ಬಿಚ್ಚಿ, ದಿನ ತಪ್ಪದೆ ಬೆರಳಿಟ್ಟು, ದಿನ ತಪ್ಪದೆ ಮತ್ತೆ ಮಡಚಿದ್ದು. ಮಡಿಕೆಯ ಗೆರೆ ಹರಿದು, ಅಲ್ಲಿಗೆ ಹಿಂಬದಿಯಿಂದ ತೆಳು ಕಾಗದದ ತೇಪೆ ಹಾಕಿದ್ದರು. ಆ ತೇಪೆಯೂ ಸವೆದಿತ್ತು. ಎಲ್ಲಕ್ಕಿಂತ ಕಪ್ಪಾಗಿದ್ದದ್ದು ಆ ಖಾಲಿ ಗೆರೆ. ಬೆರಳು ಅಲ್ಲಿಗೆ ಬಂದು ಪ್ರತಿದಿನ ಒಂದಿಷ್ಟು ಹೊತ್ತು ನಿಲ್ಲುತ್ತಿತ್ತು.

ಕಂಡವರು ಯಾರದಾರ ಎಂದು ಅಂದು ಕೇಳಿದ್ದನಲ್ಲ, ಈಗ ಅವನೇ ಕಂಡನು. ಯಾರ ಮಾತನ್ನೂ ನಂಬದವನು ಕೊಳೆಯನ್ನು ನಂಬುತ್ತಿದ್ದನು, ಆ ಕೊಳೆಯೇ ಸಾಕ್ಷಿ ನುಡಿಯಿತು. ಸೀಮೋನಪ್ಪ ಅಂಗಡಿಯ ನೆಲದ ಮೇಲೆ, ಕಾಗದದ ಸಿಂಬೆಗಳ ನಡುವೆ ಕುಳಿತು ಅತ್ತನು.

ಇಳಿಹೊತ್ತಿಗೆ ರಟ್ಟಿಲ್ಲದ ಪುಸ್ತಕವನ್ನೂ ಕರವಸ್ತ್ರದಲ್ಲಿ ಕಟ್ಟಿದ ಚೀಟಿಗಳನ್ನೂ ಎತ್ತಿಕೊಂಡು ಹನ್ನಮ್ಮನವರ ಖೋಲಿಗೆ ಹೋದನು. ಅವರು ರಾಟಿ ತಿರುಗಿಸುತ್ತಿದ್ದರು. ಹೆಜ್ಜೆಯ ಸಪ್ಪಳಕ್ಕೇ, "ಸೀಮೋನ ಏನು? ಬಾ" ಎಂದರು.

"ಅವ್ವಾರ, ತಪ್ಪಾತ್ರಿ." ಅವನು ಹೊಸ್ತಿಲಲ್ಲೇ ಕುಸಿದನು. "ಅಂಚು ಕತ್ತರಿಸಿಬಿಟ್ಟೆ. ಬೇಕಂತ ಮಾಡ್ಲಿಲ್ರಿ, ಕೈ ತಾನಾಗೇ ಹೋತು. ಚೀಟಿ ಕಡದು ಬಿದ್ದುವು. ಒಂದು ಓದಿಬಿಟ್ಟೆ."

ರಾಟಿ ನಿಂತಿತು. ಹನ್ನಮ್ಮನವರು ಕೈ ಚಾಚಿ ಕರವಸ್ತ್ರವನ್ನು ತೆಗೆದುಕೊಂಡು, ಒಂದೊಂದೇ ಚೀಟಿಯನ್ನು ಬೆರಳಿನಿಂದ ಸವರಿದರು. ಬೈಯುತ್ತಾರೆಂದು ಅವನು ಕಾದನು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಯಾವ ಚೀಟಿ ಎಲ್ಲಿತ್ತು ಅನ್ನೋದು ನಿಮಗ ಹೆಂಗ ತಿಳೀತೈತ್ರಿ ಈಗ?" ಎಂದನು ಕಂಗಾಲಾಗಿ. "ಇಷ್ಟು ಮಂದಿ, ಇಷ್ಟು ವರ್ಷ. ನನ್ನ ಕೈಯಿಂದ ಎಲ್ಲಾ ಹಾಳಾತು. ನಾಳೆ ನೀವು ಯಾರನ್ನರ ಮರೆತರ?"

"ಮರೀತೀನಿ" ಎಂದರು ಅವರು ಶಾಂತವಾಗಿ. "ಅದಕ್ಕ ಬರದಿಟ್ಟೀನಿ. ಚೀಟಿ ಬೇಕಾಗಿದ್ದು ನನಗ, ದೇವರಿಗಲ್ಲ. ಹಡೆದವ್ವ ತನ್ನ ಕೂಸನ್ನ ಮರೆತರೂ ನಾ ಮರಿಯೂದಿಲ್ಲ, ನಿನ್ನನ್ನ ನನ್ನ ಅಂಗೈಮ್ಯಾಲೆ ಕೆತ್ತಿಕೊಂಡೀನಿ ಅಂತ ಪ್ರವಾದಿ ಬಾಯಿಂದ ಹೇಳಿಸ್ಯಾನ. ನಿನ್ನ ಕತ್ತಿ ಅಲ್ಲಿಗೆ ಮುಟ್ಟೂದಿಲ್ಲ, ಅಳಬ್ಯಾಡ."

ಆಗ ಸೀಮೋನಪ್ಪನ ಗಂಟಲಿನಿಂದ ಒಂಬತ್ತು ವರ್ಷಗಳ ಪ್ರಶ್ನೆ ತಾನಾಗಿಯೇ ಹೊರಬಿತ್ತು. ಈ ಸಲ ಅದರಲ್ಲಿ ಸಿಟ್ಟಿರಲಿಲ್ಲ. "ನನ್ನ ಕೂಸು ಅವನ ಹಂತ್ಯಾಕ ಐತ್ರಿ, ಅವ್ವಾರ? ದೀಕ್ಷಾಸ್ನಾನ ಇಲ್ಲ, ಹೆಸರಿಲ್ಲ. ಒಂದು ಒಳ್ಳೇದು ಮಾಡ್ಲಿಲ್ಲ, ಒಂದು ಕೆಟ್ಟದ್ದು ಮಾಡ್ಲಿಲ್ಲ. ಅರ್ಧ ದಿನ ಸೈತ ಬದುಕಲಿಲ್ಲ. ಅಂಥಾದ್ದನ್ನ ಯಾರು ಬರ್ಕೋತಾರ್ರಿ?"

ಹನ್ನಮ್ಮನವರು ಪುಸ್ತಕವನ್ನು ತಡಕಿ, ಆ ಕಪ್ಪಾದ ಹಾಳೆಗಳನ್ನು ತೆರೆದು ಅವನ ಮುಂದೆ ಹಿಡಿದರು. "ಓದು."

ಅವನು ಓದಿದನು. ಅರ್ಪಕ್ಷದ, ಶೆಲಹ, ಏಬೆರ, ಪೆಲೆಗ, ರೆಗೂ. ನಾಲಗೆ ತಡವರಿಸಿತು. ಹತ್ತಿಪ್ಪತ್ತು ಹೆಸರಾದ ಮೇಲೆ ಅವರು ಕೈಯೆತ್ತಿ ನಿಲ್ಲಿಸಿದರು.

"ಶೆಲಹ ಏನು ಮಾಡಿದ?"

ಸೀಮೋನಪ್ಪ ಹಾಳೆಯಲ್ಲಿ ಹುಡುಕಿದನು. "ಏನೂ ಬರದಿಲ್ರಿ."

"ರೆಗೂ?"

"ಇಲ್ಲೇನೂ ಇಲ್ರಿ. ಬರೇ ಹೆಸರು."

"ನಾನೂ ಭಾಳ ವರ್ಷ ಹುಡುಕೀನಿ. ಇಲ್ಲಿರೋ ಭಾಳ ಮಂದಿ ಮಾಡಿದ್ದು ಒಂದ ಕೆಲಸ. ಹುಟ್ಟಿದ್ರು. ಅಷ್ಟಕ್ಕ ದೇವರು ಬರಸ್ಯಾನ" ಎಂದರು ಹನ್ನಮ್ಮನವರು. "ನಿನ್ನ ಮಗಳೂ ಹುಟ್ಟಿದ್ಲು, ಸೀಮೋನ. ನನ್ನ ಈ ಎರಡು ಕೈಯಾಗ."

ಹೊರಗೆ ಮಗ್ಗಗಳ ಸದ್ದು ಒಂದೊಂದಾಗಿ ನಿಲ್ಲುತ್ತಿತ್ತು. ನೇಕಾರರು ಮನೆಗೆ ಹೊರಡುವ ಹೊತ್ತು. ಆ ನೀಲಿ ಕಲೆಯ ಗೋಡೆಗೆ ಒರಗಿ ಕುಳಿತ ಅವನಿಗೆ ಎದೆಯ ಮೇಲಿಂದ ಯಾರೋ ಹಲಗೆಯ ತಿರುಪು ಸಡಿಲಿಸಿದಂತಾಯಿತು. ಆದರೂ ಕುತೂಹಲದ ಮನುಷ್ಯನಲ್ಲವೇ, ಕೇಳದೆ ಇರಲಾಗಲಿಲ್ಲ.

"ಆ ಗೆರೆ ಯಾಕ ಖಾಲಿ ಬಿಟ್ಟೀರಿ? ನೀವ ಒಂದು ಹೆಸರು ಬರೀಬಹುದಿತ್ತಲ್ರಿ."

"ಹೆಸರಿಡೂದು ಹಡೆದವರ ಕೆಲಸ. ನಾ ಜಾಗಾ ಹಿಡದೀನಿ, ಅಷ್ಟ." ಅವರು ಆ ಒಂದು ಚೀಟಿಯನ್ನು ಆರಿಸಿ ಅವನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮುಚ್ಚಿದರು. "ಮನೀಗೆ ಹೋಗು. ರಾಹೇಲನ್ನ ಕೇಳು."

ಸೀಮೋನಪ್ಪ ಮನೆಗೆ ಬಂದಾಗ ರಾಹೇಲವ್ವ ಹಿತ್ತಲಿನಲ್ಲಿ ಒಣಗಿದ ಬಟ್ಟೆಗಳನ್ನು ಮಡಚುತ್ತಿದ್ದಳು. ಅವನು ಚೀಟಿಯನ್ನು ಅವಳ ಕೈಗೆ ಕೊಟ್ಟನು. ಅವಳು ಓದಿದಳು. ಮತ್ತೊಮ್ಮೆ ಓದಿದಳು. ಮಡಚಿದ ಬಟ್ಟೆಗಳು ಮಡಿಲಿನಿಂದ ಜಾರಿ ಬಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ.

"ಹನ್ನಮ್ಮಾರು ಬರದದ್ದು" ಎಂದನು ಸೀಮೋನಪ್ಪ. "ಒಂಬತ್ತು ವರ್ಷ ದಿನಾ ಬೆರಳಿಟ್ಟಾರ, ರಾಹೇಲ. ನಾ ನೋಡೀನಿ. ಕಲೆ ನೋಡಿದ್ರ ನನಗ ತಿಳೀತೈತಿ." ಅವನು ಚೀಟಿಯ ಖಾಲಿ ಗೆರೆಯನ್ನು ತೋರಿಸಿದನು. "ಹೆಸರು ನಾವು ಇಡಬೇಕಂತ. ಏನಂತ ಇಡೂಣು? ವಿಚಾರ ಮಾಡು. ಅವಸರ ಇಲ್ಲ."

"ಮಿರ್ಯಾಮ" ಎಂದಳು ರಾಹೇಲವ್ವ.

ಅವಳು ಒಂದು ಉಸಿರಿನಷ್ಟೂ ತಡಮಾಡಲಿಲ್ಲ. ಸೀಮೋನಪ್ಪ ಬೆರಗಾದನು. "ಇಷ್ಟು ಲಗೂನ?"

"ಈಗಿಂದಲ್ರಿ. ಹೊಟ್ಟ್ಯಾಗಿದ್ದಾಗಿಂದ ಐತಿ. ಹೆಣ್ಣಾದ್ರ ಮಿರ್ಯಾಮ ಅಂತ. ಎದಿಮ್ಯಾಲೆ ಹಾಕಿದಾಗ ಹಂಗ ಕರೆದೆ ಅಕೀನ್ನ."

"ನನಗ ಹೇಳಲಿಲ್ಲಲ್ಲ?"

"ನೀವು ಕೇಳಲಿಲ್ಲ" ಎಂದಳು ಅವಳು. ಅದರಲ್ಲಿ ದೂರಿರಲಿಲ್ಲ, ಇದ್ದದ್ದನ್ನು ಹೇಳಿದಳಷ್ಟೇ.

ಊರವರ ಪುಸ್ತಕದ ಮೂಲೆಮೂಲೆಯ ಕಲೆಯನ್ನೂ ಬೆಳಕಿಗೆ ಹಿಡಿದು ನೋಡಿದವನು ತನ್ನ ಮನೆಯವಳನ್ನು ಒಂದು ಮಾತು ಕೇಳಿರಲಿಲ್ಲ. ಸೀಮೋನಪ್ಪನಿಗೆ ನಾಚಿಕೆಯಾಯಿತು, ದುಃಖವಾಯಿತು, ಅದರ ಜೊತೆಗೇ ಹೇಳತೀರದ ಸಂತೋಷವೂ ಆಯಿತು. ತನ್ನ ಮಗಳಿಗೆ ಹೆಸರಿತ್ತು! ಕಿವಿಗೆ ಬಿದ್ದ ಹೆಸರಿನೊಂದಿಗೇ ಹೋಗಿದ್ದಳು. ಅವನು ಕಿವಿಯ ಹಿಂದಿದ್ದ ಸೀಸದ ಕಡ್ಡಿಯನ್ನು ತೆಗೆದು ಹೆಂಡತಿಗೆ ಕೊಟ್ಟನು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಚೀಟಿಯನ್ನಿಟ್ಟು, ಮಿಶನ್ ಶಾಲೆಯಲ್ಲಿ ಕಲಿತ ದುಂಡಾದ ಅಕ್ಷರದಲ್ಲಿ, ರಾಹೇಲವ್ವ ಆ ಗೆರೆಯ ಮೇಲೆ ಬರೆದಳು. ಆ ಸಂಜೆ ಇಬ್ಬರೂ ಆ ಕಲ್ಲಿನ ಮೇಲೆಯೇ ಕುಳಿತು, ಕೂಸಿನ ಕೂದಲು ಹೇಗಿತ್ತು, ಬೆರಳು ಎಷ್ಟು ಗಟ್ಟಿ ಹಿಡಿದಿತ್ತು ಎಂದು ಒಂಬತ್ತು ವರ್ಷ ಆಡದ ಮಾತುಗಳನ್ನೆಲ್ಲ ಆಡಿದರು.

ಕತ್ತರಿಸಿದ ಚೀಟಿಗಳನ್ನೂ ಪುಸ್ತಕವನ್ನೂ ಹನ್ನಮ್ಮನವರಿಂದ ಮತ್ತೆ ಅಂಗಡಿಗೆ ತಂದು ಕೂಡಿಸಲು ಸೀಮೋನಪ್ಪನಿಗೆ ನಾಲ್ಕು ದಿನ ಹಿಡಿಯಿತು. ಅಂಟಿಸಿದ್ದ ಗಂಜಿಯ ಕಲೆ, ಬೆರಳಿನ ಗುರುತು, ಕಾಗದದ ಕಡಿತ ಎಲ್ಲವನ್ನೂ ಹಾಳೆಗೆ ಹೊಂದಿಸಿ ನೋಡಿ ಒಂದೊಂದನ್ನೂ ಅದರದರ ಸ್ಥಳಕ್ಕೇ ತಂದನು. ಬರಹದ ಮೇಲೆ ಕಣ್ಣಾಡಿಸಲಿಲ್ಲ. ಉಳಿದ ಅಂಚನ್ನು ಹಾಗೆಯೇ ಬಿಟ್ಟನು. ಚೀಟಿಗಳಿಗೆ ಪೆಟ್ಟಾಗದಿರಲೆಂದು ರಟ್ಟನ್ನು ಹಾಳೆಗಳಿಗಿಂತ ಎರಡು ಬೆರಳು ಅಗಲ ಮಾಡಿ, ಕಪ್ಪು ಬಟ್ಟೆ ಹೊದಿಸಿ, ಮುಂದಕ್ಕೆ ಸೆರಗಿನಂತೆ ಮುಚ್ಚಿಕೊಳ್ಳುವ ಒಂದು ಮಡಿಕೆಯನ್ನೂ ಇಟ್ಟನು. ಅವನ ಕೈಯಿಂದ ಅಷ್ಟು ಓರೆಕೋರೆಯಾದ ಪುಸ್ತಕ ಅದುವರೆಗೆ ಹೊರಬಿದ್ದಿರಲಿಲ್ಲ. ಅವನು ಅಷ್ಟು ಅಕ್ಕರೆಯಿಂದ ಬೇರಾವುದನ್ನೂ ಕಟ್ಟಿರಲಿಲ್ಲ.

ಐದನೆಯ ದಿನ ಬೆಳಗಿನ ಗಂಟೆಯಾದೊಡನೆ ಗಂಡ ಹೆಂಡತಿ ಇಬ್ಬರೂ ಹನ್ನಮ್ಮನವರ ಖೋಲಿಗೆ ಹೋದರು. ಅವರು ಬಾಗಿಲು ತೆರೆದುಕೊಂಡು ಬರಿಗೈಯಲ್ಲಿ ಪ್ರಾರ್ಥನೆಗೆ ಕುಳಿತಿದ್ದರು. ಸೀಮೋನಪ್ಪ ಪುಸ್ತಕವನ್ನು ಅವರ ತೊಡೆಯ ಮೇಲಿಟ್ಟನು. ಅವರು ರಟ್ಟನ್ನು ಸವರಿ ಮುಗುಳ್ನಕ್ಕು, ಹೆಸರುಗಳ ಜಾಗವನ್ನು ತೆರೆದು ಎಂದಿನಂತೆ ಆರಂಭಿಸಿದರು. ಒಂದೊಂದು ಚೀಟಿಯ ಮಡಿಕೆ ಬಿಚ್ಚುವುದು, ಬೆರಳಿಡುವುದು, ತುಟಿಯಲ್ಲೇ ಹೆಸರು ಹೇಳಿ ಒಂದು ಮಾತು ಬೇಡುವುದು, ಮಡಚುವುದು. ಕೆಲವು ಚೀಟಿಗಳಿಗೆ ಅವರ ಮುಖ ಅರಳುತ್ತಿತ್ತು, ಕೆಲವಕ್ಕೆ ಕುಂದುತ್ತಿತ್ತು.

ಹೀಗೆ ಬರುತ್ತ ಬರುತ್ತ ಅವರ ಬೆರಳು ಆ ಚೀಟಿಗೆ ಬಂದಿತು. ಗೆರೆಯ ಮೇಲೆ ಹೋಗಿ ಎಂದಿನ ರೂಢಿಯಂತೆ ನಿಂತಿತು. ಸೀಸದ ಕಡ್ಡಿಯ ಹೊಸ ಗುರುತು ಬೆರಳಿಗೆ ತಿಳಿಯಿತೋ ಏನೋ, ಹನ್ನಮ್ಮನವರು ತಲೆಯೆತ್ತಿದರು.

"ಏನಂತ ಬರದೀರಿ? ನನಗ ಕಾಣೂದಿಲ್ಲ."

"ಮಿರ್ಯಾಮ ಅಂತ್ರಿ" ಎಂದನು ಸೀಮೋನಪ್ಪ, ಕೇಳಿಯೂ ಕೇಳದಷ್ಟು ಮೆಲ್ಲಗೆ.

"ಇನ್ನೊಮ್ಮೆ ಹೇಳು. ಕಿವಿ ಕೇಳ್ಸೂದಿಲ್ಲ."

ಹನ್ನಮ್ಮನವರಿಗೆ ಕಣ್ಣು ಮಂದವಾಗಿತ್ತೇ ಹೊರತು ಕಿವಿ ಬಹಳ ಚುರುಕೆಂದು ಸಮಾಧಾನಪುರಕ್ಕೆಲ್ಲ ಗೊತ್ತಿತ್ತು. ಸೀಮೋನಪ್ಪನಿಗೂ ಗೊತ್ತಿತ್ತು. ಅವನು ಎದ್ದು ನಿಂತನು. ತೆರೆದ ಬಾಗಿಲಿನ ಆಚೆ ದೇವಾಲಯದ ಅಂಗಳ, ಅದರಾಚೆ ಸಮಾಧಿ ಭೂಮಿಯ ಗೋಡೆ ಎಳೆ ಬಿಸಿಲಿನಲ್ಲಿ ಕಾಣುತ್ತಿದ್ದವು. ಬಾವಿಗೆ ಬಂದಿದ್ದ ಹೆಂಗಸರು ತಿರುಗಿ ನೋಡುವಷ್ಟು ಗಟ್ಟಿಯಾಗಿ, ಸಭೆಯ ಮುಂದೆ ವೇದಿಕೆಯಿಂದ ಓದುವವರ ಹಾಗೆ, ಅವನು ತನ್ನ ಮಗಳ ಹೆಸರನ್ನು ಹೇಳಿದನು.

"ಮಿರ್ಯಾಮ. ಸೀಮೋನಪ್ಪ, ರಾಹೇಲ ಇವರ ಮಗಳು."

ಹನ್ನಮ್ಮನವರು ಕಣ್ಣು ಮುಚ್ಚಿ, "ಕೇಳಿದಿಯಲ್ಲಾ ಕರ್ತನೇ" ಎಂದರು. ಆಮೇಲೆ ಚೀಟಿಯನ್ನು ಮಡಚಿ, ಮುಂದಿನ ಚೀಟಿಯ ಮೇಲೆ ಬೆರಳಿಟ್ಟರು. ಗಂಡ ಹೆಂಡತಿ ಇಬ್ಬರೂ ಅವರ ಪಕ್ಕದಲ್ಲಿ ಮೊಣಕಾಲೂರಿ, ತಮಗೆ ಗುರುತಿಲ್ಲದ ಆ ಮುಂದಿನವರಿಗಾಗಿ ಪ್ರಾರ್ಥಿಸಲು ಕುಳಿತರು.